ಅವರ ಹೆಸರಿನಲ್ಲಿ ನಾನು ಬರೆದ ಮೂರು ವಾಕ್ಯ

ನನ್ನ ಗಂಡ ಟರ್ನರ್. ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಲೇತ್ ಮುಂದೆ ನಿಂತವರು. ಲೇತ್ ಎಂದರೆ ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ಗಿರ್ರನೆ ತಿರುಗಿಸುವ ಯಂತ್ರ. ತಿರುಗುವ ತುಂಡಿಗೆ ಹರಿತವಾದ ಟೂಲನ್ನು ತಾಗಿಸಿ ಬೇಕಾದ ಅಳತೆಗೆ ತರುತ್ತಾರೆ. ಇಷ್ಟನ್ನು ತಪ್ಪಿಲ್ಲದೆ ಬರೆಯುವುದಕ್ಕೆ, ಅವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೆ, ಅವರು ಹೋದ ಮೇಲೆ ಮತ್ತೂ ಮುಕ್ಕಾಲು ವರ್ಷ ಬೇಕಾಯಿತು. ನನ್ನ ಬುದ್ಧಿವಂತಿಕೆ ಎಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅವರ ಮನೆತನದವರು ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಮಾಧ್ವರು. ಬ್ಯಾಂಕು, ರೈಲ್ವೆ, ವಿಮೆ, ಹೀಗೆ ಎಲ್ಲರೂ ಫ್ಯಾನಿನ ಕೆಳಗೆ ಕುಳಿತವರು. ಕೈಗೆ ಎಣ್ಣೆ ಹತ್ತಿಸಿಕೊಂಡವರು ಇವರೊಬ್ಬರೇ. ಮದುವೆ ಮುಂಜಿಗಳಲ್ಲಿ ಇವರನ್ನು ಯಾರಿಗಾದರೂ ಪರಿಚಯ ಮಾಡಿಸಬೇಕಾದರೆ ನನ್ನ ಮೈದುನ, "ಇಂಜಿನಿಯರಿಂಗ್ ಕಂಪನೀಲಿ ಇದಾನೆ" ಎಂದು ಹೇಳಿ ಚಟಕ್ಕನೆ ಮಾತು ತಿರುಗಿಸುತ್ತಿದ್ದ. ಇವರು ಮಾತ್ರ ಕೇಳಿದವರಿಗೆಲ್ಲ "ಟರ್ನರ್" ಎಂದೇ ಹೇಳುತ್ತಿದ್ದರು. ಆ ಹೆಮ್ಮೆ ನನಗೂ ಅರ್ಥವಾಗಿರಲಿಲ್ಲ. ನಾನು ಕೋಲಾರದ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವಳು. ಅವರ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುವುದೇ ಅವರ ಕೆಲಸದ ಬಗ್ಗೆ ನನಗಿದ್ದ ಪೂರ್ಣ ಜ್ಞಾನ.

ಮಗಳ ಕಾಲೇಜಿಗೆಂದು ಕಂಪ್ಯೂಟರ್ ತಂದ ವರ್ಷ ಅವಳು ಅಪ್ಪನಿಗೆ ಅಂತರ್ಜಾಲದ ಕನ್ನಡ ವಿಶ್ವಕೋಶವನ್ನು ತೋರಿಸಿದಳು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಅಲ್ಲಿ ಲೇತ್ ಬಗ್ಗೆ ಮೂರೇ ಸಾಲು ಇತ್ತಂತೆ. "ಮೂರು ಸಾಲಲ್ಲಿ ಎರಡು ತಪ್ಪು!" ಎಂದು ಊಟದ ಹೊತ್ತಿನಲ್ಲಿ ಸಿಡುಕಿದರು. ಅಂದಿನಿಂದ ಭಾನುವಾರದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. ಎರಡು ವರ್ಷದಲ್ಲಿ ಆ ಮೂರು ಸಾಲು ಹನ್ನೊಂದು ಪುಟವಾಗಿತ್ತು. ಒಂದು ಸಲವೂ ನಾನು ಹಿಂದೆ ನಿಂತು ಓದಲಿಲ್ಲ. ಕಾಫಿ ಲೋಟವನ್ನು ಪಕ್ಕದಲ್ಲಿಟ್ಟು, "ಆ ಪೆಟ್ಟಿಗೆಯನ್ನೇ ಕಟ್ಟಿಕೊಳ್ಳಬೇಕಾಗಿತ್ತು ನೀವು" ಎನ್ನುತ್ತಿದ್ದೆ. ಅದನ್ನು ತಮಾಷೆ ಎಂದುಕೊಂಡಿದ್ದೆ.

ಆಮೇಲೆ ಒಂದು ಬೆಳಗಿನ ಪಾಳಿಯಲ್ಲಿ ಎದೆನೋವು ಎಂದು ಶೆಡ್ಡಿನಿಂದ ಆಟೋ ಹತ್ತಿದವರು ಆಸ್ಪತ್ರೆಯ ಬಾಗಿಲಲ್ಲಿ ಇಳಿಯಲೇ ಇಲ್ಲ.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ನೆಂಟರೆಲ್ಲ ಬಂದರು. ಬದುಕಿದ್ದಾಗ "ಇಂಜಿನಿಯರಿಂಗ್ ಕಂಪನಿ" ಎಂದು ಮುಚ್ಚಿಟ್ಟಿದ್ದ ಮೈದುನ, ನುಂಗಂಬಾಕ್ಕಂನ ತನ್ನ ಆಫೀಸಿನಲ್ಲಿ ಆ ಹನ್ನೊಂದು ಪುಟಗಳ ಪ್ರಿಂಟ್ ತೆಗೆಸಿ ತಂದಿದ್ದ. ಎಲೆ ಎತ್ತಿದ ಮೇಲೆ ಎಲ್ಲರಿಗೂ ತೋರಿಸಿದ. "ಅಣ್ಣ ವಿಶ್ವಕೋಶ ಬರೆದವನು, ತೆರಿಯುಮಾ, ಗೊತ್ತಾ? ನಮ್ಮ ವಂಶದಲ್ಲಿ ಮೊದಲನೇ ಗ್ರಂಥಕರ್ತ!" ಹೋಳಿಗೆ ತಿಂದ ಕೈಯನ್ನು ಪಂಚೆಗೆ ಒರೆಸಿಕೊಂಡು ಒಬ್ಬೊಬ್ಬರೂ ಪುಟ ತಿರುವಿದರು. ಒಬ್ಬರೂ ಒಂದು ಸಾಲು ಓದಲಿಲ್ಲ. ಟರ್ನರ್ ಸತ್ತು ಗ್ರಂಥಕರ್ತ ಹುಟ್ಟಿದ್ದ, ಎಲ್ಲರಿಗೂ ಸಮಾಧಾನವಾಗಿತ್ತು.

ನಾನು ಅವರನ್ನು ಬೈಯುವುದು ಸುಲಭ. ಆದರೆ ಅವತ್ತು ಆ ಪ್ರಿಂಟನ್ನು ನೋಡಿ ನನಗೂ ಉಬ್ಬು ಬಂತು. ಅದು ನಿಂತುಹೋಗಬಾರದು ಎಂದುಕೊಂಡೆ.

ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಹೊತ್ತು. ಪಾತ್ರೆ ತೊಳೆದಾಗಿರುತ್ತಿತ್ತು, ಮಗಳು ಕಾಲೇಜಿನಲ್ಲಿರುತ್ತಿದ್ದಳು, ಕರೆಂಟ್ ಇದ್ದರೆ ಇರುತ್ತಿತ್ತು. ಕಂಪ್ಯೂಟರ್ ಹಚ್ಚಿದರೆ ವಿಶ್ವಕೋಶ ಅವರ ಹೆಸರಿನಲ್ಲೇ ತೆರೆದುಕೊಳ್ಳುತ್ತಿತ್ತು. ಅವರು ಆ ಖಾತೆಯಿಂದ ಯಾವತ್ತೂ ಹೊರಗೆ ಬಂದಿರಲೇ ಇಲ್ಲ. ನಾನು ಅದೇ ಹೆಸರಿನಲ್ಲಿ ಬರೆಯತೊಡಗಿದೆ. ಅದು ತಪ್ಪು ಎಂದು ನನಗೆ ಹೊಳೆಯಲೂ ಇಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಪುಸ್ತಕ ಮಾವನವರ ಹೆಸರಿನಲ್ಲಿತ್ತು, ಅವರು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಫೋನು ಅತ್ತೆಯವರ ಹೆಸರಿನಲ್ಲಿತ್ತು, ಅವರು ಹೋಗಿ ಒಂಬತ್ತು. ಸತ್ತವರ ಹೆಸರಿನಲ್ಲಿ ಸಿಲಿಂಡರ್ ಬರುತ್ತಿತ್ತು, ಅನ್ನ ಬೇಯುತ್ತಿತ್ತು, ಯಾರೂ ಕೇಳಿದವರಿಲ್ಲ. ವಿಶ್ವಕೋಶ ಯಾವ ದೊಡ್ಡ ಮಾತು?

ಮಗಳು ಒಂದು ದಿನ ನೋಡಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಅಮ್ಮಾ, ಅಪ್ಪಾ ಪೇರ್ಲ ಎಳುದಾದೆ ಮಾ." ಅಪ್ಪನ ಹೆಸರಿನಲ್ಲಿ ಬರೆಯಬೇಡ ಎಂದಳು.

"ನಿಮ್ಮಪ್ಪನ ಕೆಲಸ ತಾನೇ ಮಾಡ್ತಿರೋದು?"

"ಯಾರಾವದು ಕೇಟ್ಟಾ? ನೀನೇ ಅಪ್ಪಾನ್ನು ಸೊಲ್ಲುವಿಯಾ?"

ಯಾರಾದರೂ ಕೇಳಿದರೆ ನೀನೇ ಅಪ್ಪ ಅಂತೀಯಾ ಎಂದು ಅವಳ ಪ್ರಶ್ನೆ. ಯಾರು ಕೇಳುತ್ತಾರೆ ಎಂದೆ. ಮರುವಾರವೇ ಕೇಳಿದರು.

ಅಲ್ಲಿ ನಿರ್ವಾಹಕರು ಎಂದು ಕೆಲವರಿದ್ದಾರೆ. ಊರ ಗೌಡಿಕೆ ಅವರದು. ಅವರಲ್ಲೊಬ್ಬರು ತಮ್ಮ ಹೆಸರಿನ ಬದಲು ಒಂದು ಹಕ್ಕಿಯ ಹೆಸರನ್ನು ಇಟ್ಟುಕೊಂಡಿದ್ದರು. ನಾನೂ ಅವರನ್ನು ಹಕ್ಕಿ ಎಂದೇ ಕರೆಯುತ್ತೇನೆ. ಹಕ್ಕಿಗೆ ನನ್ನ ಗಂಡ ಹಳೆಯ ಪರಿಚಯ, ಮುಖ ಮಾತ್ರ ನೋಡಿದ್ದಿಲ್ಲ. ಇವರ ಹೆಸರಿಗೆ ಅಲ್ಲಿದ್ದ ಪುಟದಲ್ಲಿ ಹಕ್ಕಿ ಬರೆದಿತ್ತು: "ಸರ್, ಬಹಳ ದಿನಗಳ ನಂತರ ತಮ್ಮನ್ನು ಕಂಡು ಸಂತೋಷವಾಯಿತು. ಆರೋಗ್ಯವಷ್ಟೇ?"

ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದು ಎರಡು ತಿಂಗಳೂ ಆಗಿರಲಿಲ್ಲ. "ಆರೋಗ್ಯ" ಎಂದು ಬರೆದು ಗುಂಡಿ ಒತ್ತಿದೆ.

ಅಲ್ಲಿಂದ ಮುಂದೆ ನಾನು ಮಾಡಿದ ಘನಕಾರ್ಯಗಳನ್ನು ಹೇಳುತ್ತೇನೆ. ಪ್ರಪಂಚದಲ್ಲೇ ಅತ್ಯುತ್ತಮ ಟರ್ನರುಗಳು ಅಂಬತ್ತೂರಿನಲ್ಲಿದ್ದಾರೆ ಎಂದು ಬರೆದೆ. ಹಕ್ಕಿ ಅದನ್ನು ಹೊಡೆದುಹಾಕಿ "ಆಧಾರ?" ಎಂದು ಕೇಳಿತು. ನನ್ನ ಕಣ್ಣಾರೆ ನೋಡಿದ್ದೇನೆ ಎಂದು ಬರೆದೆ. ಕಣ್ಣು ಆಧಾರವಲ್ಲ, ಅಚ್ಚಾದ ಪುಸ್ತಕ ಬೇಕು ಎಂದಿತು. ಟೂಲು ಕಾಯದಂತೆ ಸುರಿಯುವ ಕೂಲೆಂಟ್ ಎಣ್ಣೆಯ ವಾಸನೆ ಅಂಗಿಯಿಂದ ಎಷ್ಟು ಒಗೆದರೂ ಹೋಗದು ಎಂದು ಒಂದು ಪ್ಯಾರಾ ಬರೆದೆ. ಅದೊಂದು ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತರು ಯಾರೂ ಇರಲಾರರು. "ಇದು ವಿಶ್ವಕೋಶ, ಪ್ರಬಂಧವಲ್ಲ" ಎಂದು ಹಕ್ಕಿ ಅದನ್ನೂ ಕಿತ್ತಿತು. ಲೇಖನದ ಕೊನೆಗೆ, ಕಾಗದಕ್ಕೆ ಹಾಕುವ ಹಾಗೆ, ಅವರ ಹೆಸರನ್ನು ಹಾಕಿದೆ. ಆಗ ಹಕ್ಕಿಗೂ ಸಂಶಯ ಬಂದಿರಬೇಕು. "ಸರ್, ಲೇಖನದ ಕೆಳಗೆ ಸಹಿ ಹಾಕುವ ಪದ್ಧತಿ ಇಲ್ಲ ಎಂದು ಹೊಸಬರಿಗೆ ತಾವೇ ಹೇಳಿಕೊಟ್ಟವರು. ಮರೆತಿರಾ?"

"ಮರೆತೆ" ಎಂದು ಬರೆದೆ. ಗಂಡನಿಗೆ ನಾನೇ ಮರೆವಿನ ರೋಗ ತರಿಸಿದ್ದೆ.

ಸುಮ್ಮನೆ ಇದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರ ಪ್ಯಾಂಟುಗಳನ್ನು ಕೊಟ್ಟುಬಿಡಲೆಂದು ತೆಗೆದಾಗ ಒಂದರ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಸಿಕ್ಕಿತು. ಮುಂದೆ ಬರೆಯಬೇಕಾದ ವಿಷಯಗಳನ್ನು ಅವರು ಅದರಲ್ಲಿ ಗುರುತು ಹಾಕಿಕೊಂಡಿದ್ದರು. ಪುಟಪುಟಕ್ಕೂ ಎಣ್ಣೆಯ ಬೆರಳಚ್ಚು. ಕೆಲವು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಪುಟದಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಹೀಗೆ ಶುರುವಾಗಿತ್ತು: ಚಕ್ ಕೀ ಚಕ್ಕಲ್ಲೇ ಬಿಡೋದು. ಚೂರು ಕೈಯಲ್ಲಿ ತೆಗೆಯೋದು. ಓಡ್ತಾ ಇರೋವಾಗ ಅಳತೆ ನೋಡೋದು. ಹೀಗೆ ಒಂಬತ್ತು ಅಂಶ.

ಚಕ್ ಎಂದರೆ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಭಾಗ, ಅದನ್ನು ಬಿಗಿಮಾಡುವ ಕೀಲಿಯೇ ಚಕ್ ಕೀ ಎಂಬುದಷ್ಟನ್ನು ಲೇಖನದ ಹಿಂದಿನ ಭಾಗದಿಂದ ತಿಳಿದುಕೊಂಡಿದ್ದೆ. ಕೆಲಸ ಮಾಡುವ ಕ್ರಮ ಇದು ಎಂದುಕೊಂಡೆ. ಮೊದಲಿನ ಮೂರನ್ನು ಶುದ್ಧ ಬರಹಕ್ಕೆ ಇಳಿಸಿದೆ. ಕೆಲಸ ಮುಗಿದ ಮೇಲೆ ಚಕ್ ಕೀಯನ್ನು ಚಕ್ಕಿನಲ್ಲಿಯೇ ಬಿಡಬೇಕು. ಲೋಹದ ಚೂರುಗಳನ್ನು ಕೈಯಿಂದ ತೆಗೆಯಬೇಕು. ಯಂತ್ರ ಓಡುತ್ತಿರುವಾಗಲೇ ಅಳತೆ ನೋಡಬೇಕು. ಈ ಸಲ ಆಧಾರವನ್ನೂ ಕೊಟ್ಟೆ. ಅವರ ಲೇಖನದ ಕೊನೆಯಲ್ಲಿದ್ದ ಪುಸ್ತಕಗಳ ಪಟ್ಟಿಯಿಂದ ಒಂದನ್ನು ಆರಿಸಿ, ಯಾವುದೋ ಪುಟದ ಸಂಖ್ಯೆ ಹಾಕಿದೆ. ಆ ಪುಸ್ತಕವನ್ನು ನಾನು ಕಂಡವಳಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹಕ್ಕಿ ಈ ಸಲ ಏನೂ ಕೀಳಲಿಲ್ಲ. ಬದಲಿಗೆ ಭಾಷೆಯನ್ನು ತಿದ್ದಿತು. ಹಕ್ಕಿಗೆ ಅಂಗಡಿಯಲ್ಲಿ, ಶೆಡ್ಡಿನಲ್ಲಿ ಆಡುವ ಮಾತು ಕಂಡರೆ ಆಗುತ್ತಿರಲಿಲ್ಲ. ಎರಡು ದಿನದಲ್ಲಿ ನನ್ನ ಮೊದಲ ವಾಕ್ಯ ಹೀಗಾಗಿತ್ತು: "ಕಾರ್ಯಾನಂತರ ಗ್ರಾಹಕ ಕೀಲಿಯನ್ನು ಗ್ರಾಹಕದಲ್ಲಿಯೇ ಇರಿಸತಕ್ಕದ್ದು." ಚೂರುಗಳು ಲೋಹಶಕಲಗಳಾದವು. ಅಳತೆ ನೋಡುವುದು ಮಾಪನ ಕೈಗೊಳ್ಳುವುದಾಯಿತು. ಇಷ್ಟು ಚೆಂದ ಮಾಡಿ, ಅವರ ಪುಟದಲ್ಲಿ ಒಂದು ನಕ್ಷತ್ರದ ಚಿತ್ರ ಅಂಟಿಸಿ, "ಸುರಕ್ಷತೆಯ ಕುರಿತ ತಮ್ಮ ಅಮೂಲ್ಯ ಸೇರ್ಪಡೆಗಾಗಿ" ಎಂದು ಕೆಳಗೆ ಬರೆಯಿತು.

ಆ ನಕ್ಷತ್ರವನ್ನು ಮೈದುನನಿಗೆ ಫೋನಿನಲ್ಲಿ ಹೇಳಿದೆ. ಅವನು ಅದರದ್ದೂ ಪ್ರಿಂಟ್ ತೆಗೆಸಿದ.

ಆಯುಧ ಪೂಜೆಯ ಮಾರನೆಯ ದಿನ ಅವರ ಶೆಡ್ಡಿನ ಜೊತೆಗಾರ ಬಂದ. ಹೊಸೂರಿನ ಕಡೆಯ ಕನ್ನಡದವನು, ನಲವತ್ತರ ಮೇಲಿನ ವಯಸ್ಸು. ಹದಿನಾರು ವರ್ಷ ಇವರ ಪಕ್ಕದ ಲೇತಿನಲ್ಲಿ ಕೆಲಸ ಮಾಡಿದವನು. ಶಾಲೆ ತಮಿಳಿನಲ್ಲಾದ್ದರಿಂದ ಕನ್ನಡ ಓದಲು ಬಾರದು. ಪುರಿ, ಕಡಲೆ, ಒಂದು ಬಾಳೆಹಣ್ಣು ಇದ್ದ ಕವರನ್ನು ನನ್ನ ಕೈಗೆ ಕೊಟ್ಟ.

"ಅಣ್ಣನ ಮಿಷಿನ್‌ಗೆ ನಾನೇ ಗಂಧ ಕುಂಕುಮ ಇಟ್ಟೆ ಅಕ್ಕಾ. ಬೇರೆ ಯಾರ್ನೂ ಮುಟ್ಟಕ್ಕೆ ಬಿಡ್ಲಿಲ್ಲ."

ಕಾಫಿ ಕೊಟ್ಟೆ. ನಕ್ಷತ್ರದ ಉಬ್ಬು ಇನ್ನೂ ಇಳಿದಿರಲಿಲ್ಲ. "ನಿಮ್ಮಣ್ಣ ಬರೆದದ್ದು ಓದ್ತೀನಿ, ಕೇಳ್ತೀಯೇನಪ್ಪಾ?" ಎಂದೆ. ಅವನು ಲೋಟ ಹಿಡಿದುಕೊಂಡೇ ಕುರ್ಚಿಯ ತುದಿಗೆ ಸರಿದು ಕುಳಿತ. ಕಂಪ್ಯೂಟರಿನ ಮುಂದೆ ಕುಳಿತು, ನಕ್ಷತ್ರ ತಂದುಕೊಟ್ಟ ಭಾಗವನ್ನೇ ಆರಿಸಿ ಓದತೊಡಗಿದೆ.

"ಗ್ರಾಹಕನಾ? ಕಸ್ಟಮರ್‌ಗೆ ಶೆಡ್ ಒಳಗೆ ಏನಕ್ಕಾ ಕೆಲ್ಸ?"

"ಗ್ರಾಹಕ ಅಂದ್ರೆ ಚಕ್ ಅಂತೆ."

"ಚಕ್ಕನ್ನ ಚಕ್ ಅಂದ್ರೆ ಬಿದ್ದು ಮುರ್ದು ಹೋಗ್ತದಾ? ಸರಿ, ಓದು."

ಚಕ್ ಎಂದೇ ಬದಲಿಸಿಕೊಂಡು ಆ ಮೂರು ವಾಕ್ಯಗಳನ್ನು ಓದಿದೆ. ಅವನು ಲೋಟವನ್ನು ನೆಲದ ಮೇಲಿಟ್ಟ.

"ನಿಲ್ಲು ಅಕ್ಕಾ. ಇನ್ನೊಂದ್ ದಪ ಓದು."

ಓದಿದೆ.

"ಇದು ಅಣ್ಣ ಬರ್ದಿದ್ದಾ?"

"ಹೂಂ."

"ಸುಳ್ಳು." ಅವನ ಮುಖ ಬಿಗಿದಿತ್ತು. "ತಪ್ಪು ತಿಳ್ಕೋಬೇಡ ಅಕ್ಕಾ. ನಾನು ಕೆಲ್ಸಕ್ಕೆ ಸೇರಿದ ಮೊದಲ್ನೇ ದಿನ ಕೀಯನ್ನ ಚಕ್ಕಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದ್ದೆ. ಅಣ್ಣ ಓಡಿ ಬಂದು ಕೆನ್ನೆಗೆ ಬಿಟ್ಟ ನೋಡು ಒಂದು. ಮಿಷಿನ್ ತಿರುಗಿದ್ರೆ ಆ ಕೀ ಗುಂಡಿನ ತರ ಎಗರಿ ಬರ್ತದೆ. ಮೂತಿಗೆ ಬಿದ್ರೆ ಮೂತಿ ಇರಲ್ಲ. ಚೂರು ಅಂತೀಯಲ್ಲ, ಅದು ಬ್ಲೇಡ್. ಉದ್ದಕ್ಕೆ ಸುರುಳಿ ಸುರುಳಿ ಬರ್ತದೆ, ಕೈ ಹಾಕಿದ್ರೆ ಬೆರಳು ಎಳ್ಕೊಂಡ್ ಹೋಗ್ತದೆ. ಕೊಕ್ಕೆಯಿಂದ ಎಳೀಬೇಕು, ಅದೂ ಮಿಷಿನ್ ನಿಲ್ಸಿ. ಓಡ್ತಿರೋವಾಗ ಅಳತೆ ನೋಡಾದು ಕುಡ್ದೋನು ಮಾಡೋ ಕೆಲ್ಸ."

ಅವನು ಕಂಪ್ಯೂಟರಿನತ್ತ ಬೆರಳು ತೋರಿಸಿದ.

"ಇದನ್ನ ಅಣ್ಣ ಬರ್ದ ಅಂತ ಶೆಡ್ಡಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ನಂಬಿದ್ರೆ ಉಗೀತಾರೆ. ಇಪ್ಪತ್ತೇಳು ವರ್ಷ ಒಂದು ಉಗುರು ಕಿತ್ಕೊಳ್ದೆ ಹೋದ ಮನುಷ್ಯ ಅಕ್ಕಾ."

ಅವನು ಕಾಫಿ ಮುಗಿಸದೆ ಎದ್ದುಹೋದ. ನಾನು ನೋಟ್‌ಬುಕ್ ತೆಗೆದು ಆ ಪುಟದ ಹಿಂದೆ ಅಂಟಿಕೊಂಡಿದ್ದ ಹಾಳೆಯನ್ನು ಮಗಳ ಸ್ಕೇಲಿನಿಂದ ಮೆಲ್ಲಗೆ ಬಿಡಿಸಿದೆ. ಒಳಗೆ ಅಡಗಿದ್ದ ಹಿಂದಿನ ಪುಟದ ಕೊನೆಯ ಸಾಲಿನಲ್ಲಿ, ಎರಡು ಗೆರೆ ಎಳೆದು, ಶೀರ್ಷಿಕೆ ಇತ್ತು: ಕಲಿಯುವವರು ಮಾಡುವ ತಪ್ಪುಗಳು.

ಹೊಸಬರು ಸಾಯದಿರಲಿ ಎಂದು ಅವರು ಮಾಡಿಟ್ಟ ತಪ್ಪುಗಳ ಪಟ್ಟಿಯನ್ನು ನಾನು ನಿಯಮವೆಂದು ಪ್ರಕಟಿಸಿದ್ದೆ. ಎಲ್ಲ ಅವರ ಹೆಸರಿನಲ್ಲಿ. ಸುಮಾರು ಮೂರು ತಿಂಗಳು ಅದು ಅಲ್ಲಿತ್ತು. ಅಲ್ಪವಿರಾಮ ಬಿಟ್ಟರೆ ಹಿಡಿಯುವ ಪಂಡಿತರು, ಆಧಾರ ಎಲ್ಲಿ ಎಂದು ಕೊಕ್ಕು ಕುಕ್ಕುವ ಹಕ್ಕಿ, ಒಬ್ಬರೂ ಅದು ಏನು ಹೇಳುತ್ತಿದೆ ಎಂದು ನೋಡಿರಲಿಲ್ಲ. ಹೆಣಕ್ಕೆ ಜರಿ ಪಂಚೆ ಉಡಿಸಿದ್ದರು. ಅವರನ್ನು ಎಷ್ಟು ಬೈದುಕೊಂಡರೂ ಆ ವಾಕ್ಯಗಳನ್ನು ಬರೆದವಳು ನಾನೇ. ಬೈಗುಳ ಸುತ್ತಿ ಬಂದು ನನ್ನ ಮೇಲೇ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ, "ಅಲ್ಲಿ ಏನು ಮಾಡ್ತೀರಿ?" ಎಂದು ಕೇಳಿದ್ದರೆ ಸಾಕಾಗಿತ್ತು.

ಆ ಕ್ಷಣವೇ ಮೂರು ವಾಕ್ಯಗಳನ್ನೂ ಅಳಿಸಿದೆ. ಮುಗಿಯಿತು ಎಂದುಕೊಂಡೆ. ಸಂಜೆ ಮಗಳಿಗೆ ಹೇಳಿದಾಗ ಅವಳು ಲೇಖನದ ಮೇಲುಗಡೆ "ಇತಿಹಾಸ" ಎಂದಿದ್ದ ಜಾಗವನ್ನು ಒತ್ತಿದಳು. ಉದ್ದಕ್ಕೆ ಒಂದು ಪಟ್ಟಿ ಬಿಚ್ಚಿಕೊಂಡಿತು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಬದಲಿಸಿದರು ಎಂಬುದೆಲ್ಲ ಅಲ್ಲಿತ್ತು.

"ಅಳಿಸಿದ್ದೀನಲ್ಲೇ!"

"ಇಂಗೆ ಎದುವುಂ ಅಳಿಯಾದು ಮಾ." ಇಲ್ಲಿ ಯಾವುದೂ ಅಳಿಯುವುದಿಲ್ಲ ಎಂದಳು.

ಪಟ್ಟಿಯಲ್ಲಿ ಸಾಲುಸಾಲಾಗಿ ಅವರ ಹೆಸರು. ಕೆಳಗಿನವೆಲ್ಲ ಭಾನುವಾರದ ಮಧ್ಯಾಹ್ನಗಳು. ನಡುವೆ ಒಂದು ತಿಂಗಳಿಗೂ ಮೇಲೆ ಖಾಲಿ. ಅದರ ಮೇಲೆ ಮತ್ತೆ ಅವರದೇ ಹೆಸರು, ಅವರು ಬೂದಿಯಾದ ಮೇಲಿನ ತಾರೀಕುಗಳಲ್ಲಿ. ಆ ಮೂರು ವಾಕ್ಯಗಳನ್ನು ಯಾರು ಯಾವತ್ತು ತೆಗೆದು ನೋಡಿದರೂ ಅದು ಒಬ್ಬ ಟರ್ನರ್ ಬರೆದದ್ದು. ಒಂದು ಹೆಸರು ಬಿಟ್ಟರೆ ಅವರದೆನ್ನುವುದು ನನ್ನ ಬಳಿ ಇನ್ನೇನೂ ಉಳಿದಿರಲಿಲ್ಲ. ಅದನ್ನೂ ನಾನೇ ಕೆಡಿಸಿದ್ದೆ.

ಸರಿಮಾಡಲು ಇದ್ದದ್ದು ಒಂದೇ ದಾರಿ. ಅವರಿಲ್ಲ, ಬರೆದವಳು ನಾನು ಎಂದು ಎಲ್ಲರೆದುರು ಹೇಳುವುದು. ಹೇಳಿದರೆ ಖಾತೆ ಮುಚ್ಚುತ್ತಾರೆ ಎಂದು ಮಗಳು ನಿಯಮ ತೆಗೆದು ತೋರಿಸಿದಳು. ಮೈದುನನಿಗೆ ಒಂದು ಮಾತು ತಿಳಿಸಬೇಕು ಎನಿಸಿತು. ಅವನು ಆಫೀಸಿನಿಂದ ನೇರ ಬಂದ.

"ಏನತ್ತಿಗೆ, ನಿಮಗೆ ಬೇರೆ ವೇಲೆ ಇಲ್ಲವಾ? ಅಪ್ಪನ ಹೆಸರಲ್ಲಿ ಗ್ಯಾಸ್ ಬರ್ತಾ ಇಲ್ಲವಾ? ಹೋಗಿ ಸತ್ತೋದ್ರು ಅಂತ ಬರ್ಕೊಟ್ರಾ ನೀವು?"

"ಗ್ಯಾಸಿಂದ ನಿಮ್ಮಪ್ಪನ ಮರ್ಯಾದೆ ಹೋಗಲ್ಲ."

"ಇದರಿಂದ ಅಣ್ಣನ ಮರ್ಯಾದೆ ಹೋಗತ್ತಾ? ಯಾರು ನೋಡ್ತಾರೆ? ಎಲ್ಲೋ ನಾಲ್ಕು ಜನ. ಖಾತೆ ಮುಚ್ಚಿದರು, ಮೋಸ ಅಂತ ಬೋರ್ಡ್ ಹಾಕಿದರು ಅಂದ್ರೆ? ಸ್ಟಾರ್ ಕೊಟ್ಟಿದಾರೆ ಅಂತ ಆಫೀಸಲ್ಲಿ ಎಲ್ಲರಿಗೂ ಹೇಳಿದೀನಿ ನಾನು."

"ನಿಮ್ಮ ಆಫೀಸಲ್ಲಿ ಲೇತ್ ಇದೆಯಾ?"

"ಇದೆಂಥ ಕೇಳ್ವಿ?"

"ಶೆಡ್ಡಲ್ಲಿ ಇದೆ. ಅಲ್ಲಿರೋರು ನೋಡಿದ್ರೆ ಉಗೀತಾರೆ. ಅವರು ಉಗಿದ್ರೆ ನಿಮ್ಮಣ್ಣನಿಗೆ ತಾಗತ್ತೆ. ನಿಮ್ಮ ಆಫೀಸಿನೋರು ಹೊಗಳಿದ್ರೂ ತಾಗಲ್ಲ, ಬೈದ್ರೂ ತಾಗಲ್ಲ."

ಮದುವೆಯಾಗಿ ಬಂದ ಮೇಲೆ ಮೈದುನನಿಗೆ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಶರಿ, ನಿಮ್ಮಿಷ್ಟ" ಎಂದು ಚಪ್ಪಲಿ ಮೆಟ್ಟಿಕೊಂಡ.

ಲೇಖನದ ಚರ್ಚೆಯ ಪುಟದಲ್ಲಿ ನಾನು ಬರೆದದ್ದು ಇಷ್ಟು: "ಈ ಹೆಸರಿನವರು ತೀರಿಕೊಂಡು ಏಳು ತಿಂಗಳಾಯಿತು. ನಾನು ಅವರ ಹೆಂಡತಿ. ಅವರು ಹೋದ ಮೇಲೆ ಈ ಹೆಸರಿನಲ್ಲಿ ಬಂದ ಎಲ್ಲ ಬದಲಾವಣೆಗಳನ್ನು ಮಾಡಿದವಳು ನಾನು. ಸುರಕ್ಷತೆಯ ಮೂರು ವಾಕ್ಯಗಳು ತಪ್ಪು, ಅಪಾಯಕಾರಿ. ಅವುಗಳಿಗೆ ಕೊಟ್ಟ ಆಧಾರ ಸುಳ್ಳು. ಅವು ಅವರವಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ನಕ್ಷತ್ರವನ್ನು ತೆಗೆಯಿರಿ. ಆರೋಗ್ಯ ಎಂದು ಬರೆದವಳೂ ನಾನೇ."

ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ಹಕ್ಕಿ ಬಂದಿತ್ತು. ಮೊದಲು ನಿಯಮ: ಒಂದು ಖಾತೆಯನ್ನು ಒಬ್ಬರೇ ಬಳಸತಕ್ಕದ್ದು, ಆದ್ದರಿಂದ ಮುಚ್ಚಲಾಗಿದೆ. ಸಾವಿನ ಸುದ್ದಿಗೂ ಮೊದಲು ನಿಯಮವನ್ನೇ ಬಡಿಸುವ ಜಾತಿ ಎಂದುಕೊಂಡು ಮುಂದೆ ಓದಿದೆ. ಚರ್ಚೆಯ ಪುಟದ ತಲೆಯಲ್ಲಿ ಒಂದು ಚೌಕ ಹಾಕಿ, ಇಂಥ ದಿನದ ನಂತರ ಈ ಹೆಸರಿನಲ್ಲಿ ಬಂದ ಯಾವ ಬದಲಾವಣೆಯೂ ಇವರದಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಒಳ್ಳೆಯ ಕನ್ನಡದಲ್ಲಿ, ಒಂದು ತತ್ಸಮವೂ ಹೆಚ್ಚಿಲ್ಲದೆ. ಅದರ ಕೆಳಗೆ ನನಗೆ ಬೇರೆಯಾಗಿ ಎರಡು ಸಾಲು: "ನಕ್ಷತ್ರ ಅವರ ಹಿಂದಿನ ಕೆಲಸಕ್ಕೂ ಸಲ್ಲುತ್ತದೆ, ಇರಲಿ ಎಂದು ನನ್ನ ಅಭಿಪ್ರಾಯ. ಆ ಮೂರು ವಾಕ್ಯಗಳನ್ನು ತಿದ್ದಿದವನು ನಾನು. ನಾನು ಲೇತ್ ನೋಡಿದವನಲ್ಲ, ತಾಯಿ."

ನಕ್ಷತ್ರ ಬೇಡ, ತೆಗೆಯಿರಿ ಎಂದು ಮತ್ತೆ ತಿಳಿಸುವುದಕ್ಕೆ ನನಗೆ ಖಾತೆ ಬೇಕಾಯಿತು. ನನ್ನ ಹೆಸರಿನಲ್ಲಿ ತೆರೆದೆ. ಗ್ಯಾಸಿಲ್ಲ, ಫೋನಿಲ್ಲ, ಮನೆಯ ಪಟ್ಟಾ ಇಲ್ಲ. ನನ್ನ ಸ್ವಂತ ಹೆಸರಿನಲ್ಲಿ ಮೊದಲು ಆದದ್ದು ಇದು. "ನಾನೂ ನೋಡಿದವಳಲ್ಲ. ನಕ್ಷತ್ರ ತೆಗೆಯಿರಿ" ಎಂದು ಬರೆದೆ. ಹಕ್ಕಿ ತೆಗೆಯಿತು.

ಜೊತೆಗಾರ ಹೇಳಿದ ಸರಿಯಾದ ಕ್ರಮವನ್ನು ಲೇಖನಕ್ಕೆ ಸೇರಿಸಿದೆ. ಅರ್ಧ ಗಂಟೆಯಲ್ಲಿ ಹಕ್ಕಿ ಅದನ್ನು ಕಿತ್ತು "ಆಧಾರ?" ಎಂದಿತು. ತಪ್ಪನ್ನು ಮೂರು ತಿಂಗಳು ಮೆರೆಸಿದ ಮಹಾತ್ಮರು ಸರಿಯನ್ನು ಅರ್ಧ ಗಂಟೆಯೂ ಸಹಿಸಲಿಲ್ಲ. ಸಿಟ್ಟು ಬಂತು. ಆದರೆ ಉತ್ತರ ಬರೆಯಲು ಕುಳಿತಾಗ ಇನ್ನೊಂದು ಮಾತು ಹೊಳೆಯಿತು. ಆ ಮೂರು ವಾಕ್ಯ ಹಾಕಿದಾಗ ಹಕ್ಕಿ ಇದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ, ನಾನು ಕೊಟ್ಟ ಪುಟವನ್ನು ತೆಗೆದು ನೋಡಿದ್ದರೆ ನನ್ನ ಗಂಡನ ಹೆಸರು ಕೆಡುತ್ತಿರಲಿಲ್ಲ. ನೋಡದೆ ನಂಬಿದ್ದೇ ಅವರ ತಪ್ಪಾಗಿತ್ತು. ಈಗ ಸರಿಯಾಗಿ ಕೇಳುತ್ತಿದ್ದರು. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಖದ ವಿಷಯವಾಗಿರಲಿಲ್ಲ.

ಶೆಡ್ಡಿಗೆ ಹೋದೆ. ಊಟದ ಬಿಡುವಿನಲ್ಲಿ ಯಂತ್ರಗಳೆಲ್ಲ ನಿಂತಿದ್ದವು. ಜೊತೆಗಾರ ಅವರ ಲೇತನ್ನು ತೋರಿಸಿದ. ಕೀಯನ್ನು ಚಕ್ಕಿಗೆ ಹಾಕಿ, ಬಿಗಿಮಾಡಿ, ತೆಗೆದು, ಪಕ್ಕದ ಕೊಕ್ಕೆಗೆ ನೇತುಹಾಕಿದ. "ಕೈ ಬಿಡೋಕೆ ಮುಂಚೆ ಕೀ ಹೊರಗೆ. ಇಷ್ಟೇ ಅಕ್ಕಾ." ನಾನೂ ಒಂದು ಸಲ ಮಾಡಿದೆ. ಕೀ ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಅವನು ತನ್ನ ಪೆಟ್ಟಿಗೆಯಿಂದ ಐಟಿಐನಲ್ಲಿ ಓದಿದ್ದ ತಮಿಳು ಪುಸ್ತಕವನ್ನು ತೆಗೆದುಕೊಟ್ಟ. ರಟ್ಟು ಹೋಗಿತ್ತು, ಬೈಂಡಿನ ತುಂಬ ಗ್ರೀಸು.

ಆ ವಾರವೆಲ್ಲ ಮಧ್ಯಾಹ್ನ ಮಗಳು ತಮಿಳು ಓದುತ್ತಿದ್ದಳು, ನಾನು ಕನ್ನಡ ಬರೆಯುತ್ತಿದ್ದೆ. ಅವಳಿಗೆ ರಜೆ. ಒಂದು ಮಾತು ತಿಳಿಯದಿದ್ದರೆ ಇಬ್ಬರೂ ಸೇರಿ ಜೊತೆಗಾರನಿಗೆ ಫೋನ್ ಮಾಡುತ್ತಿದ್ದೆವು. ಮೂರು ವಾಕ್ಯ, ಮೂರಕ್ಕೂ ಪುಸ್ತಕದ ಪುಟ, ಪುಟದ ಸಂಖ್ಯೆಯನ್ನು ಇಬ್ಬರೂ ಎರಡೆರಡು ಸಲ ನೋಡಿದ್ದು. ಹಾಕಿದೆವು. ಹಕ್ಕಿ ಪುಸ್ತಕದ ಮುಖಪುಟದ ವಿವರ ಕೇಳಿತು, ಕೊಟ್ಟೆವು. ಪ್ರಕಾಶಕರ ಊರು ಕೇಳಿತು, ಕೊಟ್ಟೆವು. ಚಕ್ ಕೀಯನ್ನು ಮತ್ತೆ ಗ್ರಾಹಕ ಕೀಲಿ ಮಾಡಲು ಹೊರಟಿತು, ಅದನ್ನು ಬಿಡಲಿಲ್ಲ. ಕೊನೆಗೆ ವಾಕ್ಯಗಳು ನಿಂತವು.

ಅವನ್ನು ಜೊತೆಗಾರನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನ ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. ಮಧ್ಯದಲ್ಲಿ ಒಂದು ಸಲವೂ ನಿಲ್ಲಿಸಲಿಲ್ಲ.

"ಈಗ ಸರಿ ಅಕ್ಕಾ. ಅಣ್ಣನ ಲಿಸ್ಟಲ್ಲಿ ಒಂಬತ್ತು ಅಂದ್ಯಲ್ಲ, ಇನ್ನೂ ಆರು ಐತೆ."

ನೋಟ್‌ಬುಕ್ ತೆರೆದು ನಾಲ್ಕನೆಯದನ್ನು ಓದಿದೆ. ಬರೆಯುವ ಮೊದಲು, ಅದು ಯಾಕೆ ತಪ್ಪು ಎಂದು ಕೇಳಿದೆ.